ಗ್ರಹಯಾನಗಳ ರಾಸಾಯನಿಕ ಎಂಜಿನ್‌ಗೆ ನಾವು ಕೊಡದ ಗಮನ

2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ಮಂಗಳಯಾನ ಮಂಗಳನ ಕಕ್ಷೆ ಸೇರಿದಾಗ ಬೆಂಗಳೂರಿನ ಪೀಣ್ಯದ ನಿಯಂತ್ರಣ ಕೇಂದ್ರದಲ್ಲಿ ಎದ್ದ ಚಪ್ಪಾಳೆ ಬಹಳ ಜನರಿಗೆ ನೆನಪಿದೆ. ನನಗೆ ಅದಕ್ಕಿಂತ ಗಾಢವಾಗಿ ನೆನಪಿರುವುದು ಎರಡು ದಿನ ಮೊದಲಿನ ಮಧ್ಯಾಹ್ನ. ಸುಮಾರು 300 ದಿನ ಸುಮ್ಮನಿದ್ದ 440 ನ್ಯೂಟನ್‌ಗಳ ದ್ರವ ಎಂಜಿನ್ ಅಂದು ಪರೀಕ್ಷೆಗಾಗಿ ಸುಮಾರು ನಾಲ್ಕು ಸೆಕೆಂಡು ಉರಿಯಿತು. ನಮ್ಮ ಸಂವಹನ ಉಪಗ್ರಹಗಳಲ್ಲಿ ಇಂಥ ಎಂಜಿನ್ ಉಡಾವಣೆಯಾದ ಕೆಲವೇ ದಿನಗಳಲ್ಲಿ ತನ್ನ ಕೆಲಸ ಮುಗಿಸಿಬಿಡುತ್ತದೆ. ಹತ್ತು ತಿಂಗಳ ನಂತರ ಅದನ್ನು ಎಬ್ಬಿಸುವ ಅನುಭವ ನಮಗೆ ಇರಲಿಲ್ಲ. ಬಹುಕಾಲ ನೋದಕ (ಎಂಜಿನ್ನಿನಲ್ಲಿ ಉರಿಯುವ ದ್ರವ) ತಾಗಿಕೊಂಡಿದ್ದ ಕವಾಟಗಳು ಮತ್ತೆ ಸರಿಯಾಗಿ ತೆರೆದುಕೊಳ್ಳುತ್ತವೆಯೇ ಎಂಬ ಅನುಮಾನದಿಂದ ಇಸ್ರೋ ಎಂಜಿನಿಯರುಗಳು ದ್ರವ ಹರಿಯಲು ಎರಡನೆಯ ದಾರಿಯೊಂದನ್ನೂ ಮೊದಲೇ ಕಟ್ಟಿಟ್ಟಿದ್ದರು.

ದೂರದ ಗ್ರಹಗಳಿಗೆ ಹೋಗುವ ಮಾನವರಹಿತ ನೌಕೆಗಳ ಬಗ್ಗೆ ನಾವು ಮಾತನಾಡುವಾಗ ಕ್ಯಾಮೆರಾ, ರೋವರ್, ಒಟ್ಟು ಖರ್ಚು ಇವೆಲ್ಲ ಬರುತ್ತವೆ; ಭವಿಷ್ಯದ ಮಾತು ಬಂದರೆ ವಿದ್ಯುತ್ ನೋದನ, ಅಂದರೆ ವಿದ್ಯುತ್ತಿನ ಬಲದಿಂದ ನೌಕೆಯನ್ನು ನೂಕುವ ವಿಧಾನ, ಮತ್ತು ಅಣುಶಕ್ತಿಯ ರಾಕೆಟ್ ಬರುತ್ತವೆ. ಎರಡು ದ್ರವಗಳನ್ನು ಬೆರೆಸಿ ಉರಿಸುವ ಹಳೆಯ ರಾಸಾಯನಿಕ ಎಂಜಿನ್ ಮಾತ್ರ ಇನ್ನೇನೂ ಉಳಿದಿಲ್ಲದ, ಮುಗಿದುಹೋದ ವಿದ್ಯೆ ಎಂಬಂತೆ ಬದಿಗೆ ಸರಿಯುತ್ತದೆ. ಇದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಮುಂದಿನ ಎರಡು ಮೂರು ದಶಕಗಳ ಗ್ರಹಯಾನಗಳ ಅಳಿವು ಉಳಿವು ಈ ಎಂಜಿನ್‌ನ ಸಣ್ಣ ಸಣ್ಣ ಸುಧಾರಣೆಗಳ ಮೇಲೆ ನಿಂತಿದೆ, ಮತ್ತು ಆ ಸುಧಾರಣೆಗಳಿಗೆ ಹಣವನ್ನೂ ಒಳ್ಳೆಯ ತಲೆಗಳನ್ನೂ ನಾವು ಮನಸ್ಸಿಟ್ಟು ಹಾಕಬೇಕು.

ಮೊದಲು ಕವಾಟದ ಮಾತು. ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ವಿಭಾಗದಲ್ಲಿ ಪಾಠ ಮಾಡುತ್ತಿದ್ದ ವರ್ಷಗಳಲ್ಲಿ ನಾನು ಚೆಕ್ ವಾಲ್ವ್ ಎಂದರೇನೆಂದು ಹೇಳಲು ನಮ್ಮ ತೋಟದ ಬಾವಿಯ ಹಳೆಯ ಫುಟ್‌ವಾಲ್ವನ್ನೇ ಚೀಲದಲ್ಲಿ ಹಾಕಿಕೊಂಡು ತರಗತಿಗೆ ಒಯ್ಯುತ್ತಿದ್ದೆ. ಪಂಪ್‌ಸೆಟ್ ಇಟ್ಟವರಿಗೆಲ್ಲ ಅದರ ಗುಣ ಗೊತ್ತು. ನೀರು ಮೇಲೆ ಹೋಗಲು ಬಿಡುತ್ತದೆ, ಕೆಳಗೆ ಇಳಿಯಲು ಬಿಡುವುದಿಲ್ಲ. ಒಳಗಿನ ತೊಗಲಿನ ಬಿಲ್ಲೆಯ ಕೆಳಗೆ ಅಕ್ಕಿಕಾಳಿನಷ್ಟು ಕಲ್ಲು ಸಿಕ್ಕಿಕೊಂಡರೆ ರಾತ್ರಿ ಕಳೆಯುವುದರೊಳಗೆ ಪೈಪಿನ ನೀರೆಲ್ಲ ಬಾವಿಗೆ ಇಳಿದುಹೋಗಿರುತ್ತದೆ, ಬೆಳಿಗ್ಗೆ ಮೋಟಾರು ಸುಮ್ಮನೆ ತಿರುಗುತ್ತದೆ. ನಾವು ಬಾವಿಗೆ ಇಳಿದು ಕಲ್ಲು ತೆಗೆಯಬಹುದು. ಶುಕ್ರನ ಬಳಿ ಇರುವ ನೌಕೆಯೊಳಗೆ ಕೈ ಹಾಕುವವರು ಯಾರೂ ಇಲ್ಲ.

ಇಂಥ ನೌಕೆಗಳಲ್ಲಿ ಸಾಮಾನ್ಯವಾಗಿ ಇಂಧನದ ತೊಟ್ಟಿ ಬೇರೆ, ಅದು ಉರಿಯಲು ಆಮ್ಲಜನಕ ಒದಗಿಸುವ ಉತ್ಕರ್ಷಕದ ತೊಟ್ಟಿ ಬೇರೆ. ಎರಡನ್ನೂ ಎಂಜಿನ್‌ನತ್ತ ತಳ್ಳುವುದು ಮೂರನೆಯ ತೊಟ್ಟಿಯಲ್ಲಿ ಒತ್ತಿ ತುಂಬಿದ ಹೀಲಿಯಂ ಅನಿಲ. ಇಂಧನದ ಆವಿಯಾಗಲಿ ಉತ್ಕರ್ಷಕದ ಆವಿಯಾಗಲಿ ಹಿಂದಕ್ಕೆ ಬಂದು ಹೀಲಿಯಂ ನಳಿಕೆಯಲ್ಲಿ ಒಂದನ್ನೊಂದು ಸೇರಬಾರದು, ಏಕೆಂದರೆ ಇವು ತಾಗಿದೊಡನೆ ಕಿಡಿಯಿಲ್ಲದೆಯೇ ಹೊತ್ತಿಕೊಳ್ಳುವ ದ್ರವಗಳು. ಅದನ್ನು ತಡೆಯುವ ಕೆಲಸ ಚೆಕ್ ವಾಲ್ವ್‌ಗಳದು. 1993ರ ಆಗಸ್ಟ್‌ನಲ್ಲಿ ನಾಸಾದ ಮಾರ್ಸ್ ಅಬ್ಸರ್ವರ್ ಮಂಗಳನನ್ನು ಸೇರಲು ಮೂರೇ ದಿನ ಇರುವಾಗ ಮೌನವಾಯಿತು. ಹನ್ನೊಂದು ತಿಂಗಳ ಪಯಣದಲ್ಲಿ ಉತ್ಕರ್ಷಕ ಈ ಕವಾಟಗಳನ್ನು ದಾಟಿ ನಳಿಕೆಗಳಲ್ಲಿ ಹನಿಗಟ್ಟಿತ್ತು, ತೊಟ್ಟಿಗಳಿಗೆ ಒತ್ತಡ ಕೊಡುವಾಗ ಅದು ಇಂಧನವನ್ನು ಸೇರಿ ನಳಿಕೆ ಸಿಡಿಯಿತು ಎಂಬುದೇ ಅತ್ಯಂತ ಸಂಭವನೀಯ ಕಾರಣವೆಂದು ತನಿಖಾ ಮಂಡಳಿ ಹೇಳಿತು.

ಹದಿನೇಳು ವರ್ಷಗಳ ನಂತರ, 2010ರ ಡಿಸೆಂಬರ್‌ನಲ್ಲಿ, ಜಪಾನಿನ ಅಕಾಟ್ಸುಕಿ ಶುಕ್ರನ ಬಳಿ ಎಂಜಿನ್ ಉರಿಸಿತು. ಸುಮಾರು ಹನ್ನೆರಡು ನಿಮಿಷ ಉರಿಯಬೇಕಿದ್ದ ಎಂಜಿನ್ ಮೂರು ನಿಮಿಷವೂ ಆಗುವ ಮೊದಲೇ ನಿಂತಿತು. ಇಂಧನದ ಕಡೆಯ ಚೆಕ್ ವಾಲ್ವ್‌ನಲ್ಲಿ ಎರಡೂ ಆವಿಗಳು ಸೇರಿ ಉಪ್ಪು ಕಟ್ಟಿಕೊಂಡಿತ್ತು. ಕವಾಟ ಪೂರ್ತಿ ತೆರೆಯಲಿಲ್ಲ, ಇಂಧನ ಸಾಕಷ್ಟು ಬರಲಿಲ್ಲ, ಎಂಜಿನ್ ಅತಿಯಾಗಿ ಕಾದು ಅದರ ಸೆರಾಮಿಕ್ ಕೊಳವೆ ಮುರಿಯಿತು. ಐದು ವರ್ಷ ಸೂರ್ಯನನ್ನು ಸುತ್ತಿದ ಬಳಿಕ, 2015ರ ಡಿಸೆಂಬರ್ 7ರಂದು, ನೌಕೆಯ ಮುಖ ತಿರುಗಿಸಲೆಂದು ಇಟ್ಟಿದ್ದ ಪುಟ್ಟ ನೂಕುಯಂತ್ರಗಳನ್ನೇ ಸುಮಾರು ಇಪ್ಪತ್ತು ನಿಮಿಷ ಉರಿಸಿ ಅವರು ಅದನ್ನು ಕಕ್ಷೆಗೆ ಸೇರಿಸಿದರು. ಆ ಛಲಕ್ಕೆ ನಾನು ಇಂದಿಗೂ ತಲೆಬಾಗುತ್ತೇನೆ. ಆದರೂ ಮೊದಲು ಯೋಚಿಸಿದ್ದ 30 ಗಂಟೆಗಳ ಸುತ್ತಿನ ಬದಲು ದೊರೆತದ್ದು ಹತ್ತು ದಿನಗಳಿಗೂ ಮೀರಿದ ಸುತ್ತು.

ಗುರುವಿನ ಬಳಿ ಇರುವ ಜೂನೋದ ಕಥೆಯೂ ಇದೇ ಮನೆತನದ್ದು. 2016ರಲ್ಲಿ ಅದರ ಹೀಲಿಯಂ ಚೆಕ್ ವಾಲ್ವ್‌ಗಳು ಕೆಲವು ಸೆಕೆಂಡುಗಳಲ್ಲಿ ತೆರೆಯುವ ಬದಲು ಹಲವು ನಿಮಿಷ ತೆಗೆದುಕೊಂಡವು. ಮುಖ್ಯ ಎಂಜಿನ್ ಮತ್ತೆ ಉರಿಸುವ ಅಪಾಯ ಬೇಡವೆಂದು ತೀರ್ಮಾನಿಸಿದ್ದರಿಂದ 14 ದಿನಗಳ ಕಕ್ಷೆಗೆ ಇಳಿಯಬೇಕಿದ್ದ ನೌಕೆ 53 ದಿನಗಳ ಕಕ್ಷೆಯಲ್ಲೇ ಉಳಿಯಿತು. 2024ರ ಜನವರಿಯಲ್ಲಿ ಅಮೆರಿಕದ ಖಾಸಗಿ ಚಂದ್ರನೌಕೆ ಪೆರಿಗ್ರಿನ್ ಕೈತಪ್ಪಿದ್ದೂ ಹೀಲಿಯಂ ಕವಾಟವೊಂದು ಸರಿಯಾಗಿ ಮುಚ್ಚದೆ ಉತ್ಕರ್ಷಕದ ತೊಟ್ಟಿ ಒಡೆದದ್ದರಿಂದ. ನಮ್ಮ ಮಂಗಳಯಾನಕ್ಕೂ ಕವಾಟ ಒಮ್ಮೆ ಕಾಟ ಕೊಟ್ಟಿತ್ತು. 2013ರ ನವೆಂಬರ್ 11ರಂದು ಎಂಜಿನ್‌ಗೆ ದ್ರವ ಬಿಡುವ ಕವಾಟದ ಮುಖ್ಯ ಸುರುಳಿಗೂ ಬದಲಿ ಸುರುಳಿಗೂ ಒಟ್ಟಿಗೆ ವಿದ್ಯುತ್ ಕೊಟ್ಟು ನೋಡಿದಾಗ ಹರಿವು ನಿಂತು, ಸೆಕೆಂಡಿಗೆ 130 ಮೀಟರ್ ಏರಬೇಕಿದ್ದ ವೇಗ 35 ಮೀಟರ್ ಮಾತ್ರ ಏರಿತು. ನೌಕೆ ಇನ್ನೂ ಭೂಮಿಯ ಸುತ್ತಲೇ ಇತ್ತು, ಮರುದಿನವೇ ಕೊರತೆ ತುಂಬಿಸಿದರು. ಇದೇ ಘಟನೆ ಮಂಗಳನ ಬಾಗಿಲಲ್ಲಿ ನಡೆದಿದ್ದರೆ ಮರುದಿನವೆಂಬುದೇ ಇರುತ್ತಿರಲಿಲ್ಲ.

ಎರಡನೆಯ ಸಂಗತಿ ಎಂಜಿನ್‌ನ ಕ್ಷಮತೆ. ಇದನ್ನು ಅಳೆಯುವ ಅಳತೆಗೆ ವಿಶಿಷ್ಟ ಆವೇಗ ಎನ್ನುತ್ತಾರೆ, ಅದರ ಮಾನ ಸೆಕೆಂಡು. ಒಂದು ಕೆ.ಜಿ. ನೋದಕವು ಭೂಮಿಯ ಮೇಲಿನ ತನ್ನ ತೂಕದಷ್ಟೇ ಬಲವನ್ನು ಎಷ್ಟು ಸೆಕೆಂಡು ಕೊಡಬಲ್ಲದು ಎಂಬುದೇ ಇದರ ಸರಳ ಅರ್ಥ. ಈ ಬಗೆಯ ಎಂಜಿನ್‌ಗಳಲ್ಲಿ ಅದು 310ರಿಂದ 325 ಸೆಕೆಂಡುಗಳ ಆಸುಪಾಸಿನಲ್ಲಿ ಇರುತ್ತದೆ. ಹೆಚ್ಚಿನ ಶಾಖ ತಡೆಯುವ ಲೋಹ ಸಿಕ್ಕರೆ ಇದನ್ನು ಏರಿಸಬಹುದು. ಬಹುಕಾಲದಿಂದ ಬಳಕೆಯಲ್ಲಿರುವ ನಯೋಬಿಯಂ ಮಿಶ್ರಲೋಹದ ದಹನ ಕೋಷ್ಠ ಅದರ ಮೇಲಿನ ಲೇಪದ ದೆಸೆಯಿಂದ ಸುಮಾರು 1,370 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳುತ್ತದೆ. ಅದಕ್ಕಿಂತ ಬಿಸಿಯಾಗದಂತೆ ಒಳಗೋಡೆಯ ಉದ್ದಕ್ಕೂ ಇಂಧನದ ತೆಳುಪದರವನ್ನು ಹರಿಸುತ್ತಿರಬೇಕು, ಆ ಇಂಧನ ಪೂರ್ತಿ ಉರಿಯದೆ ಹೊರಗೆ ಹೋಗುತ್ತದೆ. ಇರಿಡಿಯಂ ಲೇಪಿಸಿದ ರೀನಿಯಂ ಸುಮಾರು 2,200 ಡಿಗ್ರಿ ತಾಳುವುದರಿಂದ ಆ ಪೋಲನ್ನು ಬಹಳಷ್ಟು ಕಡಿಮೆ ಮಾಡಬಹುದು. ನಾಸಾದ ನೆರವಿನಿಂದ ಹೀಗೆ ರೂಪಿಸಿದ ಆಂಬರ್ ಎಂಬ ಎಂಜಿನ್ ಭೂಮಿಯ ಮೇಲಿನ ಪರೀಕ್ಷೆಯಲ್ಲಿ 333 ಸೆಕೆಂಡು ಮುಟ್ಟಿತು.

ಹದಿನೆಂಟು ಸೆಕೆಂಡು ಹೆಚ್ಚಾದರೆ ಏನು ಮಹಾ ಎಂದು ಕೇಳುವವರಿಗಾಗಿ ನಾನೇ ಕುಳಿತು ಲೆಕ್ಕ ಹಾಕಿದೆ. 1,000 ಕೆ.ಜಿ. ತೂಕದ ನೌಕೆಯ ವೇಗವನ್ನು ಸೆಕೆಂಡಿಗೆ 2 ಕಿಲೋಮೀಟರ್ ಬದಲಾಯಿಸಲು 315 ಸೆಕೆಂಡುಗಳ ಎಂಜಿನ್‌ಗೆ ಸುಮಾರು 477 ಕೆ.ಜಿ. ನೋದಕ ಬೇಕು, 333 ಸೆಕೆಂಡುಗಳ ಎಂಜಿನ್‌ಗೆ 458 ಕೆ.ಜಿ. ಸಾಕು. ಉಳಿತಾಯ 19 ಕೆ.ಜಿ. ಮಂಗಳಯಾನದ ಐದೂ ವೈಜ್ಞಾನಿಕ ಉಪಕರಣಗಳ ಒಟ್ಟು ತೂಕ 15 ಕೆ.ಜಿ.ಯನ್ನು ಮೀರಿರಲಿಲ್ಲ. ಉಡಾವಣೆಯಾದಾಗ ಆ ನೌಕೆಯ ತೂಕ 1,337 ಕೆ.ಜಿ., ಅದರಲ್ಲಿ 852 ಕೆ.ಜಿ. ನೋದಕವೇ ಎಂಬುದನ್ನು ನೆನೆದರೆ, ಎಂಜಿನ್‌ನಲ್ಲಿ ಉಳಿಸುವ ಒಂದೊಂದು ಕೆ.ಜಿ.ಯೂ ಯಾವುದೋ ವಿಜ್ಞಾನಿಯ ಉಪಕರಣಕ್ಕೆ ಜಾಗ ಮಾಡಿಕೊಡುತ್ತದೆ ಎಂಬುದು ತಿಳಿಯುತ್ತದೆ. ನಮ್ಮಲ್ಲೂ ಈ ದಿಕ್ಕಿನ ಕೆಲಸ ನಡೆದಿದೆ. ಪಿ.ಎಸ್.ಎಲ್.ವಿ.ಯ ನಾಲ್ಕನೆಯ ಹಂತಕ್ಕಾಗಿ ಕಾರ್ಬನ್-ಕಾರ್ಬನ್ ನಾಸಲ್ (ಬಿಸಿ ಅನಿಲ ಹೊರಚಿಮ್ಮುವ ಮೂತಿ) ಒಂದನ್ನು ರೂಪಿಸಿರುವುದಾಗಿ 2024ರಲ್ಲಿ ಇಸ್ರೋ ಪ್ರಕಟಿಸಿತು. ಅದರಿಂದ ರಾಕೆಟ್ಟು ಹೊರುವ ಸರಕು 15 ಕೆ.ಜಿ.ವರೆಗೆ ಹೆಚ್ಚಬಹುದು. ಪತ್ರಿಕೆಗಳಲ್ಲಿ ಇಂಥ ಸುದ್ದಿಗೆ ಒಂದು ಮೂಲೆಯಷ್ಟೇ ಸಿಗುತ್ತದೆ.

ವಿದ್ಯುತ್ ನೋದನ ಇರುವಾಗ ಇದೆಲ್ಲ ಏಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಈ ಬಗೆಯ ಅಯಾನ್ ಎಂಜಿನ್‌ನ ವಿಶಿಷ್ಟ ಆವೇಗ 3,000 ಸೆಕೆಂಡು ದಾಟುತ್ತದೆ, ಕ್ಷುದ್ರಗ್ರಹಗಳಿಗೆ ಹೋದ ಡಾನ್ ನೌಕೆ ಅದರಿಂದಲೇ ಅದ್ಭುತ ಸಾಧಿಸಿತು. ಆದರೆ ಡಾನ್‌ನ ಎಂಜಿನ್ ಕೊಡುತ್ತಿದ್ದ ಬಲ ನಿಮ್ಮ ಅಂಗೈ ಮೇಲಿಟ್ಟ ಒಂದೆರಡು ಹಾಳೆ ಕಾಗದದ ಭಾರದಷ್ಟು. ಗುರುವನ್ನೋ ಶನಿಯನ್ನೋ ಸಮೀಪಿಸುವ ನೌಕೆ ಅಲ್ಲಿ ನಿಲ್ಲಬೇಕಾದರೆ ಕೆಲವು ನಿಮಿಷ, ಹೆಚ್ಚೆಂದರೆ ಕೆಲವು ಗಂಟೆಗಳಲ್ಲಿ ವೇಗ ತಗ್ಗಿಸಬೇಕು. 2004ರಲ್ಲಿ ಕ್ಯಾಸಿನಿ ಶನಿಯ ಬಳಿ ತನ್ನ ಎಂಜಿನನ್ನು 96 ನಿಮಿಷ ಉರಿಸಿತ್ತು. ಶನಿಯ ಬಳಿ ಸೂರ್ಯನ ಬೆಳಕು ಇಲ್ಲಿನ ತೊಂಬತ್ತನೆಯ ಒಂದು ಪಾಲು ಮಾತ್ರ, ವಿದ್ಯುತ್ತನ್ನು ತರುವುದಾದರೂ ಎಲ್ಲಿಂದ? 2024ರ ಅಕ್ಟೋಬರ್‌ನಲ್ಲಿ ಗುರುವಿನತ್ತ ಹೊರಟ ನಾಸಾದ ಯೂರೋಪಾ ಕ್ಲಿಪ್ಪರ್‌ನ ಸುಮಾರು ಆರು ಟನ್ ತೂಕದಲ್ಲಿ ಅರ್ಧದ ಹತ್ತಿರ ರಾಸಾಯನಿಕ ನೋದಕವೇ ಇದೆ.

ಚಳಿಯೂ ಒಂದು ತೊಡಕು. ಉತ್ಕರ್ಷಕವಾಗಿ ಸಾಮಾನ್ಯವಾಗಿ ಬಳಸುವ ನೈಟ್ರೋಜನ್ ಟೆಟ್ರಾಕ್ಸೈಡ್ ಸುಮಾರು ಮೈನಸ್ 11 ಡಿಗ್ರಿಗೇ ಹೆಪ್ಪುಗಟ್ಟುವುದರಿಂದ ಹೀಟರ್‌ಗಳು ಸದಾ ವಿದ್ಯುತ್ ಕುಡಿಯುತ್ತಿರುತ್ತವೆ. ಅದಕ್ಕೆ 25 ಶೇಕಡಾ ನೈಟ್ರಿಕ್ ಆಕ್ಸೈಡ್ ಬೆರೆಸಿದರೆ ಸುಮಾರು ಮೈನಸ್ 55ರವರೆಗೆ ದ್ರವವಾಗಿಯೇ ಉಳಿಯುತ್ತದೆ. ಇಂಥ ಮಿಶ್ರಣಕ್ಕೆ ಒಗ್ಗುವ ಎಂಜಿನ್‌ಗಳ ಮೇಲಿನ ಕೆಲಸ ನನಗೆ ಬಹಳ ಭರವಸೆ ಕೊಡುತ್ತದೆ. ವಿಷಕಾರಿ ಹೈಡ್ರಜೀನ್ ಬದಲಿಗೆ ಬರುತ್ತಿರುವ ಹಸಿರು ನೋದಕಗಳ ಬಗ್ಗೆಯೂ ಸಂತೋಷವಿದೆ. ಬೆಂಗಳೂರಿನ ಬೆಲ್ಲಾಟ್ರಿಕ್ಸ್ ಸಂಸ್ಥೆಯ ರುದ್ರ ನೂಕುಯಂತ್ರ 2024ರಲ್ಲಿ ಅಂತರಿಕ್ಷದಲ್ಲೇ ಉರಿದು ತೋರಿಸಿತು. ಆದರೆ ಇವು ಸದ್ಯಕ್ಕೆ ಸಣ್ಣ ನೂಕುಯಂತ್ರಗಳ ಜಾಗಕ್ಕೆ ಹೊಂದುವಂಥವು. ಗ್ರಹದ ಬಳಿ ಬ್ರೇಕು ಹಾಕುವ ದೊಡ್ಡ ಎಂಜಿನ್‌ನ ಜಾಗವನ್ನು ಇವು ಇಂದೇ ತುಂಬುತ್ತವೆ ಎಂದು ಹೇಳುವುದು ಅವಸರವಾಗುತ್ತದೆ.

ನಮ್ಮ ಶುಕ್ರಯಾನಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿದೆ, 2028ರಲ್ಲಿ ಉಡಾಯಿಸುವ ಯೋಜನೆಯಿದೆ. ಅದಕ್ಕೂ ಅದರ ನಂತರದ ಯಾನಗಳಿಗೂ ನಾನು ಬಯಸುವುದು ಇಷ್ಟು: ಕವಾಟ, ನಳಿಕೆ, ತೊಟ್ಟಿಗಳ ಪೂರ್ಣ ಜೋಡಣೆಯೊಂದನ್ನು ನಿಜವಾದ ನೋದಕ ತುಂಬಿಸಿ, ಪಯಣ ಎಷ್ಟು ಕಾಲದ್ದೋ ಅಷ್ಟೂ ಕಾಲ ಭೂಮಿಯ ಮೇಲೆ ಇಟ್ಟು, ಆಮೇಲೆ ಬಿಚ್ಚಿ ನೋಡಬೇಕು. ನೋಡಿದ್ದನ್ನು, ಕೆಟ್ಟದ್ದಿದ್ದರೆ ಕೆಟ್ಟದ್ದನ್ನೂ, ಎಂಜಿನಿಯರಿಂಗ್ ಕಾಲೇಜುಗಳ ಮೇಷ್ಟ್ರುಗಳು ಪಾಠ ಮಾಡುವಷ್ಟು ವಿವರವಾಗಿ ಪ್ರಕಟಿಸಬೇಕು. ಅಕಾಟ್ಸುಕಿಯ ಸೋಲನ್ನು ಜಪಾನೀಯರು ಹಾಗೆ ಬಿಚ್ಚಿಟ್ಟದ್ದರಿಂದಲೇ ನನ್ನಂಥವನು ಇಲ್ಲಿ ಕುಳಿತು ಅದರ ಬಗ್ಗೆ ಬರೆಯಲು ಸಾಧ್ಯವಾಯಿತು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಕವಾಟಗಳ ಪೀಠಗಳನ್ನು ಉಜ್ಜಿ ನಯಮಾಡುವ ಕೆಲಸದಲ್ಲಿದ್ದಾನೆ. ಕಳೆದ ವರ್ಷ ಹೋದಾಗ ಒಂದನ್ನು ಬಿಳಿ ಬಟ್ಟೆಯ ಮೇಲಿಟ್ಟು ತೋರಿಸಿದ. ಅಂಗಿಯ ಗುಂಡಿಗಿಂತ ತುಸು ದೊಡ್ಡದು, ಕನ್ನಡಿಯಂತೆ ಹೊಳೆಯುತ್ತಿತ್ತು. ಎಲ್ಲಿಗೆ ಹೋಗುವ ಭಾಗವೋ ಅವನಿಗೂ ಗೊತ್ತಿರಲಿಲ್ಲ. ನಾನು ಅವನಿಗೆ ಅಕಾಟ್ಸುಕಿಯ ಕಥೆಯನ್ನು ಪೂರ್ತಿ ಹೇಳಿದೆ, ಅವನು ಯಂತ್ರ ನಿಲ್ಲಿಸಿ ಕೇಳಿಸಿಕೊಂಡ. ಕಥೆ ಮುಗಿದ ಮೇಲೆ ನಾನು ಆ ಪೀಠವನ್ನು ಎತ್ತಿ ನೋಡಲು ಕೈ ಚಾಚಿದಾಗ ಮೆಲ್ಲಗೆ ನನ್ನ ಕೈ ತಡೆದು, "ಬೇಡಿ ಸರ್, ಉಗುರು ತಾಗಿದರೂ ಗೀರು ಬೀಳುತ್ತೆ" ಎಂದ.