ಸ್ಪಷ್ಟನೆ: ಒಂದು ದಿನ ತಪ್ಪಿದರೆ ವ್ಯಾಯಾಮ ಹಾಳಾಗುವುದಿಲ್ಲ

‘21 ದಿನ ಬಿಡದೆ ವ್ಯಾಯಾಮ ಮಾಡಿದರೆ ಅಭ್ಯಾಸವಾಗುತ್ತದೆ, ಒಂದು ದಿನ ತಪ್ಪಿದರೂ ಮತ್ತೆ ಮೊದಲಿನಿಂದ ಶುರು’ ಎಂಬ ಸಂದೇಶ ಉಡುಪಿ, ಮಣಿಪಾಲದ ಹಾಸ್ಟೆಲ್ ಮಕ್ಕಳ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಇದು ಸರಿಯಲ್ಲ.

ಲಂಡನ್ನಿನ ಸಂಶೋಧಕರು 96 ಜನರನ್ನು 12 ವಾರ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೊಸ ಅಭ್ಯಾಸ ಕೂರಲು ಸಾಮಾನ್ಯವಾಗಿ 66 ದಿನ ಬೇಕು. ಕೆಲವರಿಗೆ 18 ಸಾಕು, ಕೆಲವರಿಗೆ ಅವರ ಅಂದಾಜಿನಂತೆ 254ರವರೆಗೂ ಬೇಕಾದೀತು. ನಡುವೆ ಒಂದು ದಿನ ತಪ್ಪಿದ್ದರಿಂದ ಅಂಥ ನಷ್ಟವೇನೂ ಆಗಲಿಲ್ಲ. ಪರೀಕ್ಷೆ, ಜಡಿಮಳೆ ಅಂತ ಬಿಟ್ಟವರು ಸುಮ್ನೆ ಬೇಜಾರು ಮಾಡಿಕೊಳ್ಳಬೇಡಿ.

ದಿನ ಎಣಿಸುವುದಕ್ಕಿಂತ ಖುಷಿ, ಜೊತೆ ಜಾಸ್ತಿ ಎಳೆಯುತ್ತವೆ. ಸಂಜೆ ಅಜ್ಜರಕಾಡು ಮೈದಾನದಿಂದ ಗೆಳೆಯ “ಬಾ ಮಾರಾಯ, ಟೀಮಿಗೆ ಒಬ್ಬ ಕಮ್ಮಿ” ಅಂದರೆ, ಶೂ ಲೇಸು ಅರ್ಧ ಕಟ್ಟಿಕೊಂಡೇ ಓಡುತ್ತೇವೆ, ಅಲ್ವಾ?