ಕಿತ್ತಳೆಹಣ್ಣಿನ ತಪ್ಪು

ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅಂತ ಗಾದೆ ಇದೆ. ಭೂಗೋಳದ ಮೇಷ್ಟ್ರು ಇನ್ನೂ ಒಂದು ಹೆಜ್ಜೆ ಮುಂದೆ. ಅವರು ಕಡಲಿಗೆ ಕಿತ್ತಳೆಹಣ್ಣು ಎಸೆಯಲು ಹೇಳುತ್ತಾರೆ.

ತಮಾಷೆ ಅಲ್ಲ, ಕಡಲತೀರದ ಅಧ್ಯಯನದಲ್ಲಿ ಇದು ಎಲ್ಲರೂ ಒಪ್ಪಿದ ವಿಧಾನ. ದಂಡೆಯ ಮೇಲೆ 10 ಮೀಟರ್ ಅಳೆದು ಎರಡು ಕೋಲು ನೆಡಬೇಕು. ಅಲೆ ಮುರಿಯುವ ಜಾಗಕ್ಕೆ ಹಣ್ಣು ಎಸೆಯಬೇಕು. ಒಂದು ಕೋಲಿನಿಂದ ಇನ್ನೊಂದಕ್ಕೆ ತೇಲಲು ಅದಕ್ಕೆ ಎಷ್ಟು ಹೊತ್ತು ಬೇಕಾಯಿತು ಅಂತ ಬರೆದುಕೊಳ್ಳಬೇಕು. ಅಲೆ ಓರೆಯಾಗಿ ಬರುತ್ತದೆ, ನೇರವಾಗಿ ಹಿಂದಕ್ಕೆ ಜಾರುತ್ತದೆ. ಈ ಹೋಗಿ ಬರುವ ಆಟದಲ್ಲೇ ಮರಳು ದಂಡೆಗುಂಟ ಸಾಗುತ್ತದೆ. ಮರಳಿನ ಕಾಳಿನ ಹಿಂದೆ ಓಡಲು ಆಗುವುದಿಲ್ಲವಲ್ಲ, ಅದಕ್ಕೇ ಕಿತ್ತಳೆ.

ಒಮ್ಮೆ ಇಂಥ ಮಕ್ಕಳ ಗುಂಪಿನ ಜೊತೆ ನಾನೂ ಸುಮ್ನೆ ಹೋಗಿದ್ದೆ. ಬಸ್ಸಿನಲ್ಲೇ ಎಲ್ಲರ ಕೈಗೂ ಒಂದು ಹಾಳೆ ಬಂತು. ಮೇಲೆ ಊಹೆ: ‘ಮರಳು ಎಡದಿಂದ ಬಲಕ್ಕೆ ಸಾಗುತ್ತದೆ.’ ಕೆಳಗೆ ತೀರ್ಮಾನ: ‘ನಮ್ಮ ಊಹೆ ಸರಿ ಎಂದು ಸಾಬೀತಾಯಿತು.’ ನಡುವೆ ಒಂದಿಷ್ಟು ಖಾಲಿ ಜಾಗ. ಅದು ಕಡಲಿಗೆ ಮೀಸಲು.

ಅವತ್ತು ಗಾಳಿ ಬಲಗಡೆಯಿಂದ ಬೀಸುತ್ತಿತ್ತು. ಹಣ್ಣು ಆರಾಮಾಗಿ ಎಡಕ್ಕೆ ಹೊರಟಿತು.

“ಸಾರ್, ಇದು ಆ ಕಡೆ ಹೋಗ್ತಿದೆ.”

“ಇನ್ನೊಂದು ಎಸಿಯಮ್ಮ.”

ಎರಡನೆಯದೂ ಎಡಕ್ಕೇ ಹೋಯಿತು. ಮೂರನೆಯದು ಅವೆರಡನ್ನೂ ಹಿಂದೆ ಹಾಕಿತು. ಮೇಷ್ಟ್ರು ಕನ್ನಡಕ ಒರೆಸಿಕೊಂಡು, “ಮಾನವ ದೋಷ ಅಂತ ಬರಿ” ಎಂದರು. ಹಣ್ಣಿನ ದೋಷ ಅಂತ ಬರೆಯಲು ಹಾಳೆಯಲ್ಲಿ ಕಾಲಂ ಇರಲಿಲ್ಲ.

ಆಮೇಲೆ ಅಲೆ ಎಣಿಸುವ ಕೆಲಸ. ನಿಮಿಷಕ್ಕೆ 6ರಿಂದ 8 ಬಂದರೆ ದಂಡೆ ಕಟ್ಟುವ ಅಲೆ, 10ರಿಂದ 14 ಬಂದರೆ ದಂಡೆ ಕೆಡಿಸುವ ಅಲೆ ಅಂತ ಅಚ್ಚಾಗಿತ್ತು. 9 ಎಣಿಸಿದ ಹುಡುಗ ಪಕ್ಕದವನ ಹತ್ತಿರ ರಬ್ಬರ್ ಕೇಳಿದ.

ಮಕ್ಕಳನ್ನು ನೋಡಿ ನಗಬೇಡಿ. ಅವರು ಮುಂದೆ ಕಡಲತೀರ ನಿರ್ವಹಣೆ ಮಾಡುವವರು. ತೀರ್ಮಾನ ಮೊದಲು, ಅಳತೆ ಆಮೇಲೆ ಅನ್ನೋ ಕ್ರಮವನ್ನು ಈಗಲೇ ಕಲಿತರೆ ಒಳ್ಳೇದಲ್ವಾ? ದೊಡ್ಡವರು ಇದನ್ನು ಎಷ್ಟು ಚೆನ್ನಾಗಿ ಕಲಿತಿದ್ದಾರೆ ಅನ್ನೋದಕ್ಕೆ ಇಂಗ್ಲೆಂಡಿನ ಹಾಲ್‌ಸ್ಯಾಂಡ್ಸ್ ಅನ್ನೋ ಮೀನುಗಾರರ ಹಳ್ಳಿಯೇ ಸಾಕ್ಷಿ. 1897ರಲ್ಲಿ ಪ್ಲಿಮತ್ ನೌಕಾನೆಲೆ ದೊಡ್ಡದು ಮಾಡಲು ಆ ಹಳ್ಳಿಯ ಮುಂದಿನ ಕಡಲತಳದಿಂದ ಉರುಟು ಕಲ್ಲು ಬಾಚತೊಡಗಿದರು. ಎಷ್ಟು ಬಾಚಿದರೂ ಕಡಲು ಮತ್ತೆ ತಂದು ತುಂಬುತ್ತದೆ ಅಂತ ಲೆಕ್ಕ. ಕಡಲನ್ನು ಯಾರೂ ಕೇಳಿರಲಿಲ್ಲ. ಆ ಕಲ್ಲು ಹಿಮಯುಗ ಮುಗಿದ ಕಾಲದಲ್ಲಿ ಬಂದು ಕೂತ ಹಳೇ ದಾಸ್ತಾನು, ಹೊಸ ಲೋಡ್ ಬರುವಂತಿರಲಿಲ್ಲ. ಜನ ಗಲಾಟೆ ಮಾಡಿದ ಮೇಲೆ 1902ರಲ್ಲಿ ನಿಲ್ಲಿಸಿದರು. ಅಷ್ಟರಲ್ಲಿ ದಂಡೆ ತಗ್ಗಿಹೋಗಿತ್ತು. 1917ರ ಜನವರಿಯ ಬಿರುಗಾಳಿಗೆ ಹಳ್ಳಿಯೇ ಕಡಲು ಸೇರಿತು. ವಾಸಕ್ಕೆ ಉಳಿದದ್ದು ಒಂದೇ ಮನೆ.

ಮ್ಯಾಪಲ್‌ಟನ್ ಕಥೆ ಇಷ್ಟು ಘೋರವಲ್ಲ, ಆದರೆ ನಾಜೂಕು ಜಾಸ್ತಿ. ಅದೂ ಇಂಗ್ಲೆಂಡಿನದೇ, ಜೇಡಿಮಣ್ಣಿನ ಹೋಲ್ಡರ್ನೆಸ್ ಕರಾವಳಿಯದು. 1991ರಲ್ಲಿ ದಂಡೆಯಿಂದ ಕಡಲಿನೊಳಕ್ಕೆ ಚಾಚುವಂತೆ, ಸಾಗುವ ಮರಳಿಗೆ ಅಡ್ಡವಾಗಿ, ಎರಡು ಕಲ್ಲಿನ ಸಾಲು ಹಾಕಿದರು. ಖರ್ಚು ಸುಮಾರು 20 ಲಕ್ಷ ಪೌಂಡ್. ಮರಳು ನಿಂತಿತು. ಊರು ಉಳಿಯಿತು, ರಸ್ತೆಯೂ ಉಳಿಯಿತು. ಆ ಮರಳು ದಕ್ಷಿಣದ ಹೊಲಗಳ ಮುಂದೆ ಹೋಗಿ ಕೂರಬೇಕಾಗಿತ್ತು. ಅದು ಬರಲಿಲ್ಲ, ಕಡಲು ಬಂತು. ಊರಿಗೆ ಲಾಭ ಎಷ್ಟಾಯಿತು ಅನ್ನೋ ಕಾಲಂ ಭರ್ತಿಯಾಗಿತ್ತಲ್ಲ, ಮುಗಿಯಿತು.

ನಾವು ಹೋದ ದಂಡೆಯಲ್ಲೂ ಅಂಥದೊಂದು ಕಲ್ಲಿನ ಸಾಲು ಇತ್ತು. ಸಾಲಿನ ತಲೆಯಿಂದ ಮರಳಿನವರೆಗೆ ಎರಡೂ ಕಡೆ ಟೇಪ್ ಇಳಿಬಿಟ್ಟು ಅಳೆಯುವುದು ಕೊನೆಯ ಕೆಲಸ. ಎಡಗಡೆ ಮರಳು ಕಲ್ಲಿನ ಸಮಕ್ಕೆ ಬಂದಿತ್ತು, ಒಂದು ಗೇಣು ಕಡಿಮೆ ಅಷ್ಟೇ. ಬಲಗಡೆ ಇಳಿದ ಹುಡುಗನ ಬರೀ ಕೂದಲು ಕಾಣುತ್ತಿತ್ತು. ಅಂದರೆ ವರ್ಷಗಳ ಲೆಕ್ಕದಲ್ಲಿ ಹಾಳೆ ಹೇಳಿದ್ದು ಸರಿ. ಅವತ್ತಿನ ಬೆಳಗಿನ ಮಟ್ಟಿಗೆ ಕಿತ್ತಳೆ ಹೇಳಿದ್ದೂ ಸರಿ. ಅದನ್ನು ಬರೆದಿದ್ದರೆ ಒಳ್ಳೇ ಭೂಗೋಳ ಆಗುತ್ತಿತ್ತು. ಆದರೆ ಆ ಖಾಲಿ ಜಾಗದಲ್ಲಿ ಆಗಲೇ ‘ಮಾನವ ದೋಷ’ ಕೂತಿತ್ತು.

ಹಣ್ಣು ಎಸೆದ ಹುಡುಗಿ ಬಲಗಡೆಗೇ ನೋಡುತ್ತಾ ನಿಂತಿದ್ದಳು. ಅಲ್ಲಿ ದಂಡೆ ಕಿರಿದಾಗುತ್ತಾ ಹೋಗಿ, ಒಂದು ಬೇಲಿಯ ಕಂಬ ಗಾಳಿಯಲ್ಲಿ ಜೋತಾಡುತ್ತಿತ್ತು.

“ಸಾರ್, ಆ ಮನೆ ಯಾರದು?”

ಮೇಷ್ಟ್ರು ನಕ್ಷೆ ಬಿಚ್ಚಿ ನೋಡಿದರು. ಮಡಚಿದರು.

“ನಮ್ಮ ನಕ್ಷೆ ಈ ಕಲ್ಲಿಗೇ ಮುಗಿಯುತ್ತಮ್ಮ. ಬಸ್ ಹತ್ತು.”