ತಂಗಡಿಗೆ ಸಮುದ್ರವೇ ಬೇಕಂತಿಲ್ಲ

ಆವರಿಕೆಯನ್ನ ತಮಿಳುನಾಡು ಕರಾವಳಿಯ ಒಣ ಕುರುಚಲು ಕಾಡಿನ ಗಿಡ ಅಂತ ನಿಮ್ಮ ಲೇಖನದಾಗ ಬರೆದೀರಿ, ತಪ್ಪಲ್ಲ ಸರ್. ಆದರ ಒಮ್ಮೆ ಸೇಡಂ, ಗುರುಮಠಕಲ್ ಕಡೆ ಬಂದು ನೋಡ್ರಿ. ಸಮುದ್ರದ ಗಾಳಿ ಸೋಕದ ಬಂಜರು ದಿನ್ನಿ ಮ್ಯಾಲೂ ಅದೇ ಹಳದಿ ಹೂ. ನಾವು ತಂಗಡಿ ಅಂತೀವಿ, ಬೀದರದ ಮರಾಠಿ ಮಂದಿ ತರವಡ ಅಂತಾರ. ತೆಲಂಗಾಣ 2014ರಾಗ ಇದನ್ನ ರಾಜ್ಯದ ಹೂವು ಮಾಡಿತು. ಗಡಿಯ ತೆಲುಗು ಮನೆಗಳೊಳಗ ಬತುಕಮ್ಮ ಹಬ್ಬದ ಹೂವಿನ ಗೋಪುರ ಜೋಡಿಸೋದಕ್ಕ ಇದು ಬೇಕೇ ಬೇಕು.

ತೊಗಟೆಯಿಂದ ತೊಗಲು ಹದ ಮಾಡೋದನ್ನ ಒಂದೇ ಸಾಲಿನಾಗ ಮುಗಿಸೀರಿ, ಅದೇ ಬ್ಯಾಸರ. ತೊಗಲು ಹದ ಮಾಡೋ ಕ್ರೋಮ್ ಉಪ್ಪು ಬರೋಕಿಂತ ಮೊದಲು, ಟ್ಯಾನಿನ್ ಅನ್ನೋ ಒಗರು ಅಂಶ ಹೆಚ್ಚಿರೋ ಈ ತೊಗಟೆ ದಕ್ಷಿಣ ಭಾರತದ ಚರ್ಮ ಹದಗಾರರ ಮುಖ್ಯ ಸರಕಾಗಿತ್ತು.

ಇನ್ನೊಂದು ಮಾತು. ಈ ಹೂವಿನಾಗ ಮಕರಂದ ಇಲ್ಲ. ಕೇಸರದ ತುದಿಗೆ ಸಣ್ಣ ತೂತು ಇರ್ತದ. ಕಪ್ಪು ದುಂಬಿ ಹಿಡಕೊಂಡು ಗುಂಯ್ ಅಂತ ನಡುಗಿಸಿದಾಗ ಅಲ್ಲಿಂದ ಪರಾಗ ಉದುರ್ತದ. ಕಿವಿಗೊಟ್ಟರ ಆ ಸಪ್ಪಳನೂ ಕೇಳಸ್ತದ.

ಹಂಗ, ನಿಮ್ಮ ಲೇಖನದ ಎರಡನೇ ಫೋಟೊದಾಗಿಂದು ತಂಗಡಿ ಅಲ್ಲ, ಅಮೆರಿಕದಿಂದ ಬಂದ ಟೆಕೋಮಾ. ಅದರ ಹೂ ಗಂಟೆಯಂಗ, ತಂಗಡಿಗೆ ಬಿಡಿಬಿಡಿ ಐದು ಎಸಳು. ಫೋಟೊ ಬದಲಿಸ್ರಿ.